ಮೆದಾರನ ಬೆನ್ನು

ಉಳಿದವರು ಬಟ್ಟೆ ತೊಟ್ಟುಕೊಂಡು ಕೆಲಸಕ್ಕೆ ಹೋಗುತ್ತಾರೆ. ಮೆದಾರ್ ಕೆಲಸಕ್ಕೆ ಹೋಗಿ ಬಟ್ಟೆ ಕಳಚುತ್ತಿದ್ದ. ಇಷ್ಟು ಬಿಟ್ಟರೆ ಅವನಿಗೂ ಪ್ಯಾರಿಸಿನ ಬೇರೆ ಕೂಲಿಯಾಳುಗಳಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ನದಿಯ ಎಡದಂಡೆಯ ಗಲ್ಲಿಯೊಂದರ ಚಿತ್ರಶಾಲೆಗೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬರುವನು. ಅಂಗಿ, ಚಲ್ಲಣ, ಟೋಪಿ ಎಲ್ಲವನ್ನೂ ಕಬ್ಬಿಣದ ಒಲೆಯ ಪಕ್ಕದ ಮೊಳೆಗೆ ತಗುಲಿಸಿ, ಮೊಣಕಾಲೆತ್ತರದ ಮರದ ಮೇಜು ಹತ್ತಿ ನಿಲ್ಲುವನು.

"ಹೂಂ, ಈ ವಾರ ಯಾವ ದೇವ್ರು ಸ್ವಾಮಿ?" ಎನ್ನುವನು.

ಅದನ್ನು ತೀರ್ಮಾನ ಮಾಡುವವರು ನಲವತ್ತು ಜನ ವಿದ್ಯಾರ್ಥಿಗಳು. ಮೆದಾರ್ ಒಂದೊಂದೇ ಭಂಗಿ ತೋರಿಸುತ್ತಾ ಹೋಗುವನು. ಕೋಲಿಗೆ ಒರಗಿದರೆ ಕುರುಬ, ಅದೇ ಕೋಲನ್ನು ಮೇಲೆತ್ತಿದರೆ ಯೋಧ, ಚಾವಣಿಯಿಂದ ಇಳಿಬಿಟ್ಟ ಹಗ್ಗಕ್ಕೆ ಕೈ ಕೊಟ್ಟರೆ ಬಂಡೆಗೆ ಕಟ್ಟಿಹಾಕಿದ ಕೈದಿ. ಕೈಯೆತ್ತಿ ಒಂದನ್ನು ಆರಿಸಿದ ಮೇಲೆ ಒಬ್ಬ ಬಂದು ಅವನ ಪಾದಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವನು. ಶನಿವಾರದ ತನಕ ಆ ಗೆರೆಯೊಳಗೇ ಅವನ ಬಾಳು. ಮುಕ್ಕಾಲು ಗಂಟೆ ನಿಲ್ಲುವುದು, ಕಾಲು ಗಂಟೆ ಕಂಬಳಿ ಹೊದ್ದು ಒಲೆಯ ಮುಂದೆ ಕೂರುವುದು, ಮತ್ತೆ ಹೋಗಿ ಗೆರೆಗೆ ಪಾದ ಸೇರಿಸುವುದು. ಅಷ್ಟರಲ್ಲಿ ಹುಡುಗರು ಇದ್ದಿಲಿನಲ್ಲಿ ಬರೆದು, ತಪ್ಪಿದ್ದನ್ನು ರೊಟ್ಟಿಯ ಮೆದು ತಿರುಳಿನಿಂದ ಒರೆಸಿ, ಹಸಿವಾದರೆ ಅದೇ ರೊಟ್ಟಿಯ ಶುದ್ಧವಾದ ಭಾಗವನ್ನು ಬಾಯಿಗೆ ಹಾಕಿಕೊಳ್ಳುವರು. ಮೆದಾರ್ ನಿಂತನೆಂದರೆ ನಿಂತ. ಮೂಗಿನ ಮೇಲೆ ನೊಣ ಕೂತು ಸಂಸಾರ ಹೂಡಿದರೂ ಕದಲುವವನಲ್ಲ. ಇಪ್ಪತ್ತೆಂಟು ವರ್ಷ ಹೀಗೆ ನಿಂತು ನಿಂತು ಆ ಬೀದಿಯ ಚಿತ್ರಶಾಲೆಗಳಲ್ಲೆಲ್ಲ ಒಳ್ಳೆಯ ಹೆಸರು ಮಾಡಿದ್ದ.

ಹೆಸರು ಅಂದಮೇಲೆ ಅದರ ಕಥೆಯನ್ನೂ ಹೇಳಿಬಿಡಬೇಕು. ಪೂರ್ತಿ ಹೆಸರು ಮೆದಾರ್ ಜ್ವಾಂ. ಜ್ವಾಂ ಎಂದರೆ ಜೂನ್ ತಿಂಗಳು. ಸಾವಿರದ ಎಂಟುನೂರ ಇಪ್ಪತ್ತಮೂರರ ಜೂನ್ ಎಂಟರಂದು, ಸಂತ ಮೆದಾರನ ದಿನ, ಅನಾಥಾಲಯದ ಗೋಡೆಯ ತಿರುಗುಪೆಟ್ಟಿಗೆಯಲ್ಲಿ ಸಿಕ್ಕ ಕೂಸು ಅವನು. ಯಾರೋ ಹೊರಗಿನಿಂದ ಇಟ್ಟು ತಿರುಗಿಸಿ ಹೋದರು, ಒಳಗಿನವರು ಎತ್ತಿಕೊಂಡರು. ಹೆಸರಿಗೆ ಆ ದಿನದ ಸಂತ, ಮನೆತನಕ್ಕೆ ಆ ತಿಂಗಳು, ಖರ್ಚಿಲ್ಲದ ನಾಮಕರಣ. ಸಂತ ಮೆದಾರನ ದಿನ ಮಳೆ ಹನಿದರೆ ನಲವತ್ತು ದಿನ ಬಿಡುವುದಿಲ್ಲ ಎಂದು ನಮ್ಮಲ್ಲಿ ಮಕ್ಕಳೂ ಹೇಳುತ್ತಾರೆ. ಹಾಗಾಗಿ ಅವನು ಹುಬ್ಬು ಗಂಟಿಕ್ಕಿದಾಗಲೆಲ್ಲ ಹುಡುಗರು, "ಮೆದಾರಣ್ಣ, ಕೊಡೆ ತರ್ಬೇಕಾ?" ಎಂದು ಕಿಚಾಯಿಸುತ್ತಿದ್ದರು.

ಅನಾಥಾಲಯದ ಕೂಸುಗಳನ್ನು ಮೊರ್ವಾನ್ ಬೆಟ್ಟಗಳ ಹೆಂಗಸರಿಗೆ ಹಾಲೂಡಿಸಲು ಕೊಡುವುದು ವಾಡಿಕೆ. ಇವನೂ ಹಾಗೆ ಶಾಂಪ್ಲೆ ಎಂಬ ಹಳ್ಳಿಯ ಕ್ಲೋದಿನ್ ಎಂಬವಳ ಮಡಿಲಿಗೆ ಹೋದ. ನಾಲ್ಕು ವರ್ಷ ಅಲ್ಲಿದ್ದ. ಆ ನಾಲ್ಕು ವರ್ಷದಿಂದ ಅವನಿಗೆ ಉಳಿದಿದ್ದ ನೆನಪು ಒಂದೇ: ಹಸುವಿನ ಬೆಚ್ಚನೆಯ ಹೊಟ್ಟೆಗೆ ಕೆನ್ನೆ ಒತ್ತಿ ನಿಂತಿದ್ದದ್ದು, ಆ ಬದಿಯಲ್ಲಿ ಹಾಲು ಕರೆಯುತ್ತಾ ಒಬ್ಬ ಹೆಂಗಸು ಗುನುಗುತ್ತಿದ್ದದ್ದು. ಆಮೇಲೆ ಒಂದು ದಿನ ಗಾಡಿ ಬಂತು. ಇನ್ನೊಂದು ಹಳ್ಳಿ, ಇನ್ನೊಬ್ಬ ರೈತ. ಹಂದಿಗಳಿಗೂ ಇವನಿಗೂ ಒಂದೇ ಕೊಟ್ಟಿಗೆ. ರಾತ್ರಿ ಅಮ್ಮ ಬೇಕೆಂದು ಅತ್ತರೆ ಆ ರೈತ ಹೇಳುತ್ತಿದ್ದ: "ಯಾವ ಅಮ್ಮನೋ? ಆ ಹೆಂಗಸೇ ನಿನ್ನ ಬೇಡ ಅಂತ ವಾಪಸ್ ಕೊಟ್ಟಿದ್ದು."

ಹೆತ್ತವಳು ಪೆಟ್ಟಿಗೆಯಲ್ಲಿಟ್ಟು ಹೋದದ್ದು ಅವನನ್ನು ಅಷ್ಟು ಕಾಡಲಿಲ್ಲ. ಅವಳನ್ನು ಅವನು ನೋಡಿಯೇ ಇರಲಿಲ್ಲ. ಆದರೆ ನಾಲ್ಕು ವರ್ಷ ಎತ್ತಿ ಆಡಿಸಿದವಳು ಸಾಕೆಂದು ಹಿಂದಕ್ಕೆ ಕೊಟ್ಟಳು ಎಂಬುದು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಮದುವೆಯ ಮಾತು ಎರಡು ಸಲ ಬಂದಿತ್ತು, ಎರಡು ಸಲವೂ ಇವನೇ ಹಿಂದೆ ಸರಿದ. ಬೇಡವೆನಿಸಿಕೊಳ್ಳುವ ಮೊದಲು ತಾನೇ ಬೇಡ ಎಂದುಬಿಡುವುದು ಅವನ ಅಭ್ಯಾಸವಾಗಿತ್ತು.

ಬೆಟ್ಟದ ಸೌದೆಯನ್ನು ತೆಪ್ಪ ಕಟ್ಟಿ ಯೊನ್ ನದಿಯಲ್ಲಿ ಪ್ಯಾರಿಸಿಗೆ ತೇಲಿಸಿಕೊಂಡು ಬರುವವರ ಜೊತೆ ಹದಿನೆಂಟನೇ ವಯಸ್ಸಿನಲ್ಲಿ ಊರು ಬಿಟ್ಟ. ದಿಮ್ಮಿ ತಳ್ಳಿ ತಳ್ಳಿ ಭುಜಗಳು ತುಂಬಿಕೊಂಡಿದ್ದವು, ಒಮ್ಮೆ ದಿಮ್ಮಿಯೊಂದು ತಿರುಗಿ ಬಡಿದು ಮೂಗು ಎಡಕ್ಕೆ ವಾಲಿತ್ತು. ದಡದಲ್ಲಿ ಬರಿಮೈಯಲ್ಲಿ ಸೌದೆ ಇಳಿಸುತ್ತಿದ್ದವನನ್ನು ಒಬ್ಬ ಚಿತ್ರಕಾರ ನೋಡಿ, ಸುಮ್ಮನೆ ನಿಲ್ಲುವುದಕ್ಕೆ ಕೂಲಿ ಕೊಡುತ್ತೇನೆ ಬಾ ಎಂದ. ಮೆದಾರ್‌ಗೆ ಮೊದಲು ನಗು ಬಂತು. ಹೋಗಿ ಒಂದು ದಿನ ನಿಂತು ಬಂದ ಮೇಲೆ ನಗು ನಿಂತಿತು. ದಿಮ್ಮಿ ಹೊರುವುದು ಇದಕ್ಕಿಂತ ಎಷ್ಟೋ ಸುಲಭ ಎನಿಸಿತು. ಆದರೂ ಬಿಡಲಿಲ್ಲ. ನಲವತ್ತು ಜನ ಬೆಳಗಿನಿಂದ ಮಧ್ಯಾಹ್ನದವರೆಗೆ ತನ್ನನ್ನೇ ಕಣ್ಣಿಟ್ಟು ನೋಡುವುದು ಅವನಿಗೆ ಒಳಗೊಳಗೇ ಹಿತವಾಗಿತ್ತು.

ಅರವತ್ತೊಂಬತ್ತರ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ ಆಸ್ಪತ್ರೆ ಸೇರಿದ. ಅಲ್ಲಿಯ ಕ್ರೈಸ್ತ ಸನ್ಯಾಸಿನಿ ದೊಡ್ಡ ಪುಸ್ತಕ ಬಿಚ್ಚಿಕೊಂಡು ಮಂಚದ ಬಳಿ ಬಂದಳು.

"ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರಿಗಪ್ಪಾ ತಿಳಿಸ್ಬೇಕು?"

"ಯಾರೂ ಇಲ್ಲ ಸಿಸ್ಟರ್."

"ಯಾರೂ ಇಲ್ದೆ ಹೇಗೆ? ನೆಲದಿಂದ ಎದ್ದು ಬಂದ್ಯಾ? ಅಕ್ಕ, ತಂಗಿ, ದೂರದೋರು, ಯಾರಾದ್ರೂ?"

ಮೆದಾರ್ ತಲೆಯಾಡಿಸಿದ. ಅವಳು ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದಿನ ಮಂಚಕ್ಕೆ ಹೋದಳು. ಅವನನ್ನು ನೋಡಿಕೊಂಡು ಜನ ಅದುವರೆಗೆ ಎಳೆದ ಗೆರೆಗಳಿಗೆ ಲೆಕ್ಕವಿಲ್ಲ. ಒಂದೂ ನೋಯಿಸಿರಲಿಲ್ಲ, ಇದು ನೋಯಿಸಿತು. ಜ್ವರ ಇಳಿಯುವ ತನಕ ಗೋಡೆ ಕಡೆ ತಿರುಗಿ ಮಲಗಿದ. ಈ ಲೋಕದಲ್ಲಿ ಒಬ್ಬರಾದರೂ 'ಹೌದು, ಇವನು ನಮ್ಮವನು' ಎನ್ನಬೇಕು, ಅಷ್ಟಾದರೆ ಸಾಕು ಎಂದು ಆ ಮಂಚದ ಮೇಲೆ ಅವನಿಗೆ ಅನಿಸಿತು. ಅನಾಥಾಲಯ ಕೊಟ್ಟಿದ್ದ ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರು, ಶಾಂಪ್ಲೆಯ ಕ್ಲೋದಿನ್.

ಓದು ಬರಹ ಬಾರದ ಮೆದಾರ್ ಆ ಚೀಟಿಯನ್ನು ಒಯ್ದು ತೋರಿಸಿದ್ದು ಎಲ್ಜೆಯಾರ್‌ಗೆ. ಎಲ್ಜೆಯಾರ್ ದಕ್ಷಿಣದ ಕಡೆಯವನು, ಆಲಿವ್ ಎಣ್ಣೆ ವ್ಯಾಪಾರಿಯ ಮಗ. ಮೂವತ್ತೊಂದು ತುಂಬಿದ್ದರೂ ಇನ್ನೂ ವಿದ್ಯಾರ್ಥಿ. ಚಿತ್ರಶಾಲೆಯಲ್ಲಿ ಅವನಿಗೆ 'ಕೊನೇ ಎಲ್ಜೆಯಾರ್' ಎಂದೇ ಹೆಸರು. ಸೋಮವಾರ ಜಾಗ ಹಿಡಿಯಲು ದರ್ಜೆಯ ಪ್ರಕಾರ ಹೆಸರು ಕೂಗುತ್ತಾರೆ. ಮೊದಲಿನವನು ಎದುರಿನ ಒಳ್ಳೆಯ ಜಾಗ ಹಿಡಿಯುತ್ತಾನೆ, ಆಮೇಲಿನವರು ಪಕ್ಕ, ಕೊನೆಯವನಿಗೆ ಮೇಜಿನ ಹಿಂದಿನ ಮೂಲೆ. ಎರಡು ವರ್ಷದಿಂದ ಎಲ್ಜೆಯಾರ್ ಮೆದಾರನ ಬೆನ್ನನ್ನು ಬಿಟ್ಟು ಬೇರೇನೂ ಬರೆದಿರಲಿಲ್ಲ. ಅದನ್ನಾದರೂ ಗುರುಗಳು ಮೆಚ್ಚುವಂತೆ ಬರೆಯುತ್ತಿದ್ದನೇ ಎಂದರೆ ಅದೂ ಇಲ್ಲ. ಗುರುಗಳಾದ ವೊಕ್ಲೆರ್ ಬುಧವಾರ ಬಂದು, ಅವನ ಹಾಳೆಯ ಮುಂದೆ ನಿಂತು, "ನಾನು ಅಮೃತಶಿಲೆ ಕೇಳಿದ್ರೆ ನೀನು ಮಾಂಸದ ಅಂಗಡಿ ತೋರಿಸ್ತೀಯಲ್ಲಯ್ಯಾ. ಕಂಡದ್ದನ್ನೆಲ್ಲಾ ಬರೀಬೇಡ, ಬರೀಬೇಕಾದ್ದನ್ನ ಬರಿ," ಎಂದು ನಿಟ್ಟುಸಿರು ಬಿಟ್ಟು ಮುಂದೆ ಹೋಗುವರು. ಎಲ್ಜೆಯಾರ್‌ಗೆ ಕಂಡದ್ದನ್ನು ಬಿಡಲು ಬರುತ್ತಿರಲಿಲ್ಲ. ಅದು ಅವನ ಹಣೆಬರಹ.

ವಿರಾಮದಲ್ಲಿ ಒಲೆಯ ಮುಂದೆ ಕೂತು ಇಬ್ಬರೂ ಕಾಗದ ಬರೆದರು.

"ಏನಂತ ಬರೀಲಿ ಮೆದಾರಣ್ಣ?"

"ನಾನು ಮೆದಾರ್ ಜ್ವಾಂ, ಇಪ್ಪತ್ತಮೂರನೇ ಇಸ್ವಿಯಿಂದ ನಾಲ್ಕು ವರ್ಷ ನಿಮ್ಮನೇಲಿದ್ದೆ ಅಂತ ಬರಿ. ನನಗೇನೂ ಬೇಡ ಅಂತ ಬರಿ. ನೆನಪಿದೀನಾ ಅಂತ ಮಾತ್ರ ಕೇಳು."

"ಯಾಕೆ ವಾಪಸ್ ಕೊಟ್ರಿ ಅಂತ ಕೇಳೋದು ಬೇಡ್ವಾ?"

"ಬೇಡ. ಅದು ಬೇಡ," ಎಂದು ಮೆದಾರ್ ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡ.

ಹತ್ತು ದಿನಕ್ಕೆ ಉತ್ತರ ಬಂತು. ಶಾಂಪ್ಲೆ ಶಾಲೆಯ ಮೇಷ್ಟ್ರು ಬರೆದಿದ್ದರು. ಕ್ಲೋದಿನ್ ಬದುಕಿದ್ದಾಳೆ, ಎಪ್ಪತ್ತೆರಡು ವಯಸ್ಸು, ಹೇಳಿ ಬರೆಸಿದ್ದು ಹೀಗೆ: "ನನ್ನ ಎದೆಹಾಲು ಕುಡಿದ ಪ್ಯಾರಿಸ್ ಕೂಸುಗಳು ಏಳು. ಪ್ಯಾರಿಸಿನವರು ಇಟ್ಟ ಹೆಸರುಗಳಿಂದ ನಾನು ಒಂದು ದಿನವೂ ಕರೆದವಳಲ್ಲ, ಎಲ್ಲವೂ ನನಗೆ ಪುಟ್ಟನೇ. ಹೋದ ವರ್ಷ ಒಬ್ಬ ಬಂದು ನಾನೇ ನಿನ್ನ ಪುಟ್ಟ ಅಂದ, ಹದಿನೈದು ದಿನ ಉಂಡ, ನನ್ನ ಕಂಬಳಿ ಹೊತ್ತುಕೊಂಡು ಹೋದ. ಆದ್ದರಿಂದ ನೀನು ಯಾವ ಪುಟ್ಟ ಎಂದು ತೋರಿಸು, ಆಮೇಲೆ ಮಾತು."

"ಜಾಣೆ ಮುದುಕಿ," ಎಂದ ಎಲ್ಜೆಯಾರ್. "ಮುಖದ ಚಿತ್ರ ಒಂದು ಕಳಿಸಿದ್ರಾಯ್ತು. ನಿನಗೇನು ಚಿತ್ರಕ್ಕೆ ಬರವಾ?"

ಬರವಿತ್ತು. ಆ ಮಧ್ಯಾಹ್ನ ನಲವತ್ತು ಜನರೂ ತಮ್ಮ ತಮ್ಮ ಹಾಳೆಯ ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿದರು. ಮೆದಾರನ ತೊಡೆ, ಮೆದಾರನ ಮಂಡಿ, ಮೆದಾರನ ಪಕ್ಕೆಲುಬು. ಕಾಲಿಡಲು ಜಾಗವಿಲ್ಲದಷ್ಟು ಮೆದಾರ್. ಕುತ್ತಿಗೆಯಿಂದ ಮೇಲೆ ಮಾತ್ರ ಕೆಲವರು ಮೊಟ್ಟೆಯಂತೆ ಒಂದು ಸುತ್ತು ಎಳೆದು ಬಿಟ್ಟಿದ್ದರು, ಉಳಿದವರು ಮ್ಯೂಸಿಯಮ್ಮಿನ ಗ್ರೀಕ್ ವೀರರ ತಲೆ ತಂದು ಇಟ್ಟಿದ್ದರು. ಹಾಗೆ ಮಾಡುವುದೇ ಪದ್ಧತಿ. ಮೈ ಕಲಿಯಲು ಮೆದಾರ್ ಬೇಕು, ಮುಖಕ್ಕೆ ಯಾರು ಕೇಳುತ್ತಾರೆ? ಇಪ್ಪತ್ತೆಂಟು ವರ್ಷ ಬೆಳಕಿನಲ್ಲಿ ನಿಂತವನ ಮುಖ ಒಂದು ಹಾಳೆಯಲ್ಲೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಹಾಳೆಗಳ ನಡುವೆ ಕಂಬಳಿ ಹೊದ್ದು ನಿಂತಿದ್ದ ಮೆದಾರ್, "ಪರ್ವಾಗಿಲ್ಲ ಬಿಡ್ರಪ್ಪಾ," ಎಂದ. ಹುಡುಗರಿಗೆ ನಾಚಿಕೆಯಾಯಿತು.

"ದೊಡ್ಡ ಬೀದೀಲಿ ಫೋಟೋ ತೆಗೆಯೋನಿದಾನೆ," ಎಂದು ಯಾರೋ ಒಬ್ಬ ಹೇಳಿದ.

ಮೊದಲ ದರ್ಜೆಯ ಗ್ರಿಮೋಗೆ ಸಿಟ್ಟು ಬಂತು. "ನಲವತ್ತು ಕೈ ಇಲ್ಲಿರೋವಾಗ ಪೆಟ್ಟಿಗೆ ಮುಂದೆ ಹೋಗಿ ಕೂರ್ಬೇಕಾ? ನಾನು ಬರೀತೀನಿ. ಮೂರು ದಿನ ಕೊಡಿ."

ಗ್ರಿಮೋ ಒಳ್ಳೆಯವನು, ಕೈಯೂ ಒಳ್ಳೆಯದು. ತನ್ನದೇ ಕಪ್ಪು ಕೋಟನ್ನು ಮೆದಾರ್‌ಗೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಕಿಟಕಿಯ ಬೆಳಕಿನಲ್ಲಿ ಮೂರು ದಿನ ಬರೆದ. ಎಲ್ಲರೂ ಸುತ್ತ ನಿಂತು ಭೇಷ್ ಎಂದರು. ಎಲ್ಜೆಯಾರ್ ಮಾತ್ರ ತಲೆ ವಾಲಿಸಿ ನೋಡಿ, "ಮೂಗು ನೆಟ್ಟಗಿದೆ," ಎಂದ.

"ನೆಟ್ಟಗೆ ಇರ್ಬೇಕಾದ್ದು ಮೂಗಿನ ಧರ್ಮ."

"ಇವನದು ನೆಟ್ಟಗಿಲ್ಲವಲ್ಲ."

"ಅದು ಅಪಘಾತ ಕಣೋ, ಮೂಗಲ್ಲ," ಎಂದ ಗ್ರಿಮೋ. ಅವನು ಕೀಟಲೆ ಮಾಡುತ್ತಿರಲಿಲ್ಲ. ಆರು ವರ್ಷ ವಕ್ರವನ್ನು ಸರಿಮಾಡಿ ಬರೆಯಲು ಕಲಿತ ಕೈ, ತನಗೆ ಗೊತ್ತಿಲ್ಲದೇ ಮೂಗನ್ನು ಎಬ್ಬಿಸಿ ನಿಲ್ಲಿಸಿತ್ತು, ಹಣೆಯನ್ನು ಒಂದು ಬೆರಳು ಅಗಲ ಮಾಡಿತ್ತು, ಗಡ್ಡಕ್ಕೆ ಸುರುಳಿ ಕೊಟ್ಟಿತ್ತು. ನಿಜ ಹೇಳಬೇಕೆಂದರೆ ಮೆದಾರ್‌ಗೂ ಆ ಚಿತ್ರ ಇಷ್ಟವಾಯಿತು. ಅದರಲ್ಲಿದ್ದವನು ಯಾರೂ ಬೇಡ ಎನ್ನುವಂಥವನಾಗಿರಲಿಲ್ಲ. ಅದನ್ನೇ ಕಳುಹಿಸಿದರು.

ಉತ್ತರ ಬೇಗ ಬಂತು. ಎಲ್ಜೆಯಾರ್ ಮೊದಲು ತಾನೊಬ್ಬನೇ ಓದಿಕೊಂಡು ಕಾಗದವನ್ನು ಜೇಬಿಗೆ ಹಾಕಿಕೊಂಡ. ಮೆದಾರ್ ಬಿಡಲಿಲ್ಲ.

"ಚಿತ್ರ ಬಹಳ ಚೆನ್ನಾಗಿದೆಯಂತೆ," ಎಂದು ಎಲ್ಜೆಯಾರ್ ಓದಿದ. "ಇಂಥ ದೊಡ್ಡ ಮನುಷ್ಯರಿಗೆ ನಾನು ಹಾಲು ಕೊಟ್ಟವಳಲ್ಲ. ಈ ಮುಖ ನನಗೆ ಗುರುತಿಲ್ಲ. ಇವರ ತಾಯಿ ಯಾರೋ, ಎಲ್ಲಿದ್ದರೂ ಚೆನ್ನಾಗಿರಲಿ. ಚಿತ್ರವನ್ನು ಹಿಂದಕ್ಕೆ ಕಳುಹಿಸಬೇಕೆ ಎಂದು ಕೇಳುತ್ತಾರೆ."

ಮೆದಾರ್ ಸರಿ ಎಂದ. ಎದ್ದು ಮೇಜು ಹತ್ತಿ ಗೆರೆಯೊಳಗೆ ಪಾದ ಇಟ್ಟು, ಹಗ್ಗ ಹಿಡಿದು ನಿಂತ. ಸ್ವಲ್ಪ ಹೊತ್ತಾದ ಮೇಲೆ ಎದುರಿನ ಸಾಲಿನಿಂದ ಗ್ರಿಮೋ, "ಮೆದಾರಣ್ಣ, ಎಡಭುಜ ಇಳೀತಿದೆ," ಎಂದ. ಸರಿಮಾಡಿಕೊಂಡ. ಮತ್ತೆ ಇಳಿಯಿತು. ಇಪ್ಪತ್ತೆಂಟು ವರ್ಷದಲ್ಲಿ ಅವನ ಭಂಗಿ ತಪ್ಪಿದ್ದು ಅದೇ ಮೊದಲು. ಮುಖ ಮಾತ್ರ ಎಂದಿನಂತೆ ಕಲ್ಲಿನ ಹಾಗಿತ್ತು, ಎದುರಿನವರಿಗೆ ಏನೂ ತಿಳಿಯಲಿಲ್ಲ. ಹಿಂದಿನ ಮೂಲೆಯಲ್ಲಿ ಕೂತಿದ್ದ ಎಲ್ಜೆಯಾರ್ ಇದ್ದಿಲು ಕೆಳಗಿಟ್ಟ. ಅಳು ನುಂಗುವಾಗ ಬೆನ್ನು ಹೇಗಿರುತ್ತದೆ ಎಂಬುದನ್ನು ಅವನು ಕಂಡ, ಅದೊಂದನ್ನು ಬರೆಯುವ ಮನಸ್ಸಾಗಲಿಲ್ಲ.

ಮಧ್ಯಾಹ್ನ ಗಲ್ಲಿಯ ತುದಿಯ ಅಂಗಡಿಯಲ್ಲಿ ಸೂಪು, ಚೀಸು, ಒಂದು ಕುಡಿಕೆ ಕೆಂಪು ದ್ರಾಕ್ಷಾರಸ ಮುಂದಿಟ್ಟುಕೊಂಡು ಎಲ್ಜೆಯಾರ್ ಹೇಳಿದ:

"ನಾವೆಲ್ಲ ದಡ್ಡರು ಮೆದಾರಣ್ಣ. ಅವಳು ನಿನ್ನ ಕೊನೇ ಸಲ ನೋಡಿದಾಗ ನಿನಗೆ ನಾಲ್ಕು ವರ್ಷ. ಆಗಿನ ಮುಖ ಈಗೆಲ್ಲಿದೆ? ಗಡ್ಡ ಬಂತು, ಮೂಗು ಮುರೀತು. ಗ್ರಿಮೋ ಸರಿಯಾಗಿ ಬರೆದಿದ್ರೂ ಅವಳಿಗೆ ಗುರುತು ಸಿಗ್ತಿರ್ಲಿಲ್ಲ."

"ಮತ್ತೆ?"

"ಮಗೂನ ಮೈ ತೊಳೆಯೋರು ಹೇಗೆ ತೊಳೀತಾರೆ? ಮೊಣಕಾಲ ಮೇಲೆ ಬೋರಲು ಹಾಕ್ಕೊಂಡು ಬೆನ್ನು ತಿಕ್ತಾರೆ. ನನ್ನ ಹತ್ರ ನಿನ್ನ ಬೆನ್ನು ಅರವತ್ತಿದೆ."

ಮೆದಾರ್ ಚಮಚ ಕೆಳಗಿಟ್ಟ. ಅವನ ಕಿವಿ ಕೆಂಪಾಯಿತು. ದಿನಾ ನಲವತ್ತು ಜನರ ಮುಂದೆ ಎಲೆಯಷ್ಟು ಬಟ್ಟೆಯೂ ಇಲ್ಲದೆ ನಿಲ್ಲುವ ನಮ್ಮ ಮೆದಾರ್‌ಗೆ ಆ ಸೂಪಿನಂಗಡಿಯಲ್ಲಿ ಮೇಲಂಗಿ ಹಾಕಿಕೊಂಡು ಕೂತಲ್ಲೇ ನಾಚಿಕೆ ಬಂತು.

"ಥೂ, ತಲೆ ಕೆಟ್ಟಿದ್ಯಾ ನಿಂಗೆ? ಮುದುಕಿಗೆ ಬೆತ್ತಲೆ ಚಿತ್ರ ಕಳಿಸೋದಾ? ಬಿಚ್ಚಿ ತೋರ್ಸೋರು ಶಾಲೆ ಮೇಷ್ಟ್ರು ಬೇರೆ."

"ಬೆನ್ನು ಕಣಣ್ಣ. ಬರೀ ಬೆನ್ನು."

"ಬೆನ್ನಿನ ಕೆಳಗೆ ಇನ್ನೊಂದಿರತ್ತಲ್ಲೋ."

"ಸೊಂಟದಿಂದ ಕೆಳಗೆ ಕತ್ತರಿಸ್ತೀನಿ."

ಅವತ್ತೇ ಕತ್ತರಿಸಿದ. ಕೈಗೆ ಸಿಕ್ಕಿದ ಹಾಳೆಯನ್ನಲ್ಲ. ಹಗ್ಗ ಹಿಡಿದ ಭಂಗಿಯ, ತನಗೆ ತೀರಾ ಇಷ್ಟವಾದ, ದರ್ಜೆಯ ಸ್ಪರ್ಧೆಗೆ ಇಡಬೇಕೆಂದಿದ್ದ ಹಾಳೆಯನ್ನು. ಕತ್ತರಿ ಓಡಿಸುವಾಗ ಒಂದು ಸಲ ಉಸಿರು ಹಿಡಿದ, ಆಮೇಲೆ ಸರಕ್ಕನೆ ಮುಗಿಸಿದ. ಆ ಸಲವೂ ಅವನಿಗೆ ಕೊನೆಯ ದರ್ಜೆಯೇ ಸಿಕ್ಕಿತು ಎಂಬುದನ್ನು ಹೇಳಿಬಿಡುತ್ತೇನೆ. ಮೆದಾರ್ ಆ ವಿಷಯ ಎಂದೂ ಮರೆಯಲಿಲ್ಲ.

ಮೂರು ವಾರ ಸುದ್ದಿಯಿಲ್ಲ. ಮೆದಾರ್ ದಿನಾ ಬಂದವನೇ ಎಲ್ಜೆಯಾರನ ಮುಖ ನೋಡುವನು, ಅವನು ತಲೆಯಾಡಿಸುವನು, ಇವನು ಅಂಗಿ ಬಿಚ್ಚುವನು. 'ಬೇಡ' ಎಂದಾದರೂ ಬರೆದುಬಿಟ್ಟರೆ ಸಾಕು ಎನ್ನುವ ಸ್ಥಿತಿಗೆ ಬಂದಿದ್ದ. ಈಸ್ಟರ್ ಹಬ್ಬಕ್ಕೆ ಚಿತ್ರಶಾಲೆ ಮುಚ್ಚುವ ಹಿಂದಿನ ದಿನ ಮೇಷ್ಟ್ರ ಕಾಗದ ಬಂತು.

"ಮಹನೀಯರೇ, ಸುರುಳಿ ಬಿಚ್ಚಿದಾಗ ನಾನು ಸ್ವಲ್ಪ ಹಿಂಜರಿದೆ. ಪುಣ್ಯಕ್ಕೆ ಪಾದ್ರಿಗಳು ಊರಲ್ಲಿರಲಿಲ್ಲ. ಕ್ಲೋದಿನಮ್ಮ ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. ಎಡ ರೆಕ್ಕೆಮೂಳೆಯ ಕೆಳಗೆ ಹೆಬ್ಬೆರಳಿಟ್ಟರು. ಉತ್ತರ ಬರೆಸಲು ನನ್ನನ್ನು ನಾಲ್ಕು ಸಲ ಕರೆಸಿ ನಾಲ್ಕು ಸಲವೂ ಸುಮ್ಮನೆ ಕಳುಹಿಸಿದರು. ನಿನ್ನೆ ಒಂದೇ ಮಾತು ಹೇಳಿದರು: ಬರಲಿ."

"ಬರಲಿ ಅಂದ್ರೆ ಒಳ್ಳೇದಕ್ಕಾ ಕೆಟ್ಟದ್ದಕ್ಕಾ?" ಎಂದ ಮೆದಾರ್.

"ಅದಿರ್ಲಿ, ನಿನ್ನ ಬೆನ್ನ ಮೇಲೆ ಏನಿದೆ ಅಂತ ನಿನಗೆ ಗೊತ್ತಾ?"

"ಏನಿದೆ?"

"ಐದು ಚುಕ್ಕೆ. ಸಾಲಾಗಿ ಬಿದ್ದ ಹಾಗೆ. ಗುರುಗಳು 'ಇದೇನು ನೊಣ ಕೂತಿದೆಯಾ' ಅಂತ ಮೂರು ಸಲ ರೊಟ್ಟೀಲಿ ಒರೆಸಿದ್ರು. ಅವರು ಹೋದ್ಮೇಲೆ ನಾನು ಮೂರು ಸಲ ಮತ್ತೆ ಬರೆದೆ. ಅಲ್ಲಿ ಇದ್ವಲ್ಲ."

ಮೆದಾರ್ ಬಲಗೈಯನ್ನು ಹಿಂದೆ ತಿರುಚಿ ನೋಡಿದ, ಎಡಗೈಯನ್ನು ಮೇಲಿನಿಂದ ಇಳಿಸಿ ನೋಡಿದ. ಎಟುಕಲಿಲ್ಲ. ಊರೆಲ್ಲ ನೋಡಿದ್ದ ತನ್ನ ಬೆನ್ನನ್ನು ತಾನೊಬ್ಬನೇ ನೋಡಿರಲಿಲ್ಲ.

ಒಸೆರ್ ತನಕ ರೈಲು, ಅಲ್ಲಿಂದ ಕುದುರೆಗಾಡಿ, ಕೊನೆಯ ಮೂರು ಹರದಾರಿ ನಡಿಗೆ. ಹೊಸ ಅಂಗಿ, ಒಂದು ಕಟ್ಟು ಕಾಫಿಬೀಜ, ಒಂದು ದಪ್ಪ ಕಂಬಳಿ. ಇಷ್ಟು ಅವನ ಸಾಮಾನು. ದಾರಿಯುದ್ದಕ್ಕೂ ಒಂದು ಮಾತನ್ನು ಕಟ್ಟುತ್ತಾ ಕೆಡವುತ್ತಾ ಬಂದ. 'ನಾನು ದೂರು ಹೇಳೋಕೆ ಬಂದಿಲ್ಲಮ್ಮ' ಎಂದು ಶುರುಮಾಡಬೇಕು ಎಂದುಕೊಂಡಿದ್ದ. ಶಾಂಪ್ಲೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಕಲ್ಲುಗೋಡೆಯ ತಗ್ಗು ಮನೆ. ಹೊಸ್ತಿಲಲ್ಲಿ ಒಬ್ಬ ಮುದುಕಿ ಬಿತ್ತನೆಯ ಆಲೂಗಡ್ಡೆ ಆರಿಸುತ್ತಾ ಕೂತಿದ್ದಳು. ಸಣ್ಣ ಆಳು, ಕೈಗಳು ಮಾತ್ರ ದೊಡ್ಡವು. ತಲೆಯೆತ್ತಿ ನೋಡಿದಳು. ಅವಳ ಕಣ್ಣಿನಲ್ಲಿ ಗುರುತೇನೂ ಕಾಣಲಿಲ್ಲ.

"ಪ್ಯಾರಿಸಿಂದ ಬಂದೋನು ನೀನೇನಪ್ಪಾ?"

"ಹೌದಮ್ಮ."

"ಒಳಗ್ ಬಾ. ಅಂಗಿ ಬಿಚ್ಚು."

ಆ ಮಾತನ್ನು ಅವನಷ್ಟು ಸಲ ಕೇಳಿದವರು ಫ್ರಾನ್ಸಿನಲ್ಲಿ ಹೆಚ್ಚು ಜನ ಇರಲಾರರು. ಆದರೂ ಬೆರಳು ಗುಂಡಿಯನ್ನು ಹಿಡಿಯಲೊಲ್ಲದು. ನಾಲ್ಕು ಗುಂಡಿ ಬಿಚ್ಚಲು ಅರ್ಧ ದಿನ ಹಿಡಿದಂತಾಯಿತು. ಅಂಗಿ ಕಳಚಿ ಕೈಯಲ್ಲಿ ಮುದುರಿ ಹಿಡಿದು ನಿಂತ.

"ಬೆಳಕಿಗೆ ಬೆನ್ನು ಕೊಡು."

ತಿರುಗಿದ. ಹಿಂದೆ ಅವಳ ಮರದ ಮೆಟ್ಟಿನ ಸದ್ದು ಹತ್ತಿರ ಬಂತು. ಒರಟು ಬೆರಳೊಂದು ರೆಕ್ಕೆಮೂಳೆಯ ಕೆಳಗೆ ತಾಗಿತು. ಒಂದು, ಎರಡು, ಮೂರು. ಬೆರಳು ಸಾಲಾಗಿ ಇಳಿಯುತ್ತಾ ಹೋಗಿ ಐದನೆಯದ್ದರ ಮೇಲೆ ನಿಂತಿತು. ಆಮೇಲೆ ಕೇಳಿದಳು:

"ಇನ್ನೂ ಉರೀತದಾ?"

"ಏನು?"

"ನಾನ್ ಸುಟ್ಟಿದ್ದು."

ಅವನು ತಿರುಗಲು ಹೋದ. ಅವಳು ಭುಜ ಹಿಡಿದು ನಿಲ್ಲಿಸಿದಳು. ಮುಖ ನೋಡಿಕೊಂಡು ಹೇಳುವ ಶಕ್ತಿ ಅವಳಿಗಿರಲಿಲ್ಲ.

"ಹಂಗೇ ನಿಂತ್ಕೊ. ಹೇಳಿ ಮುಗಿಸ್ತೀನಿ. ಒಲೆ ಮುಂದೆ ದೋಸೆ ಹುಯ್ತಿದ್ದೆ, ನೆಣ ಕಾದಿತ್ತು. ನೀನು ನನ್ ಕಾಲ್ಗೇ ಸುತ್ಕೊಂಡು ಆಡ್ತಿದ್ದೆ. ಬಾಣಲೆ ಅಲುಗ್ತು, ನೆಣ ಸಿಡೀತು. ಬೆಣ್ಣೆ ಹಚ್ದೆ, ಎಂಟು ರಾತ್ರಿ ಎತ್ಕೊಂಡೇ ಕೂತಿದ್ದೆ, ವಾಸಿ ಆಗ್ತಾ ಬಂತು. ಅಷ್ಟರಾಗೆ ಪ್ಯಾರಿಸಿನ ಸಾಹೇಬ ತನಿಖೆಗೆ ಬಂದ. ಅಂಗಿ ಎತ್ತಿ ನೋಡ್ದ. ಇವಳ್ ಮನೇಲಿ ಕೂಸು ಬಿಡಬಾರದು ಅಂತ ಬರ್ಕೊಂಡ. ಅವತ್ತೇ ಗಾಡೀಲಿ ಕೂರಿಸ್ಕೊಂಡು ಹೋದ. ಆ ಗಾಡಿ ಹಿಂದೆ ಸೇತುವೆ ತಂಕ ಓಡ್ದೆ ಕಣ್ ಮಗಾ. ಎಲ್ಲಿಗೆ ಹಾಕ್ತೀರಿ ಅಂದ್ರೆ ಹೇಳ್ಲಿಲ್ಲ."

ಮೆದಾರ್ ದಾರಿಯಲ್ಲಿ ಕಟ್ಟಿ ತಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಬಾಯಿಂದ ಬಂದದ್ದು ನಾಲ್ಕು ವರ್ಷದ ಮಗುವಿನ ಮಾತು.

"ನೀನೇ ಬೇಡ ಅಂದ್ಯಂತೆ."

"ಯಾವನ್ ಅಂದೋನು?" ಅವಳ ದನಿ ಗಡುಸಾಯಿತು. "ಯಾವನ್ಲಾ ಹಂಗಂದೋನು ನಿಂಗೆ? ನಾ ಬೇಡ ಅಂತೀನಾ? ಆರು ಮಕ್ಳು ವಾಪಸ್ ಹೋದಾಗ ಅತ್ತೆ, ಸುಮ್ಕಾದೆ. ನಿಂಗೆ ಸುಮ್ಕಾಗಕ್ಕೆ ಆಗ್ಲಿಲ್ಲ. ನಲವತ್ತೆರಡು ವರ್ಷ ಆಯ್ತು ಒಲೆ ಮುಂದೆ ನಿಂತಾಗೆಲ್ಲ ಕೇಳ್ಕೊಂಡಿದೀನಿ, ಆ ಕೂಸಿನ ಬೆನ್ನು ವಾಸಿ ಆಯ್ತಾ ಸ್ವಾಮಿ, ನನ್ನ ಬಯ್ಕೊಂಡು ತಿರುಗ್ತದೋ ಏನೋ ಅಂತ. ಚಿತ್ರ ಬಂದಾಗ ಕರಿಯಕ್ಕೇ ಧೈರ್ಯ ಬರ್ಲಿಲ್ಲ. ಯಾವ ಮುಖ ಇಟ್ಕೊಂಡು ಕರೀಲಿ?"

"ನನಗೆ ಅಲ್ಲಿ ಚುಕ್ಕೆ ಇದೆ ಅಂತಾನೇ ಗೊತ್ತಿರ್ಲಿಲ್ಲಮ್ಮ," ಎಂದ ಮೆದಾರ್. "ಯಾವತ್ತೂ ನೋಯ್ಲಿಲ್ಲ. ಒಂದಿನಾನೂ ನೋಯ್ಲಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಈ ಸಲ ನುಂಗಿಕೊಳ್ಳಲಿಲ್ಲ; ಮೈ ಅಲುಗಾಡುವಂತೆ ಜೋರಾಗಿ ಅತ್ತ. ಅವಳು ಅವನ ಬೆನ್ನಿಗೆ ಹಣೆ ಒತ್ತಿ ತಾನೂ ಅತ್ತಳು. ಬಾಗಿಲಲ್ಲಿ ಬಂದು ನಿಂತಿದ್ದ ಪಕ್ಕದ ಮನೆಯವಳು ಏನೂ ಕೇಳದೆ ಹಿಂದಕ್ಕೆ ಹೋದಳು.

ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವಳೇ ಮೊದಲು ಸುಧಾರಿಸಿಕೊಂಡಳು. ಅವನನ್ನು ತನ್ನ ಕಡೆ ತಿರುಗಿಸಿ, ಆಗ ಮೊದಲ ಸಲ ಮುಖವನ್ನು ಸರಿಯಾಗಿ ನೋಡಿದಳು. ವಾಲಿದ ಮೂಗನ್ನು, ಬೆಳ್ಳಗಾಗುತ್ತಿದ್ದ ಗಡ್ಡವನ್ನು.

"ಅಂಗಿ ಹಾಕ್ಕೊ ಪುಟ್ಟ, ಶೀತ ಆಗ್ತದೆ."

ಅವನು ತೋಳು ಹುಡುಕುತ್ತಿರುವಾಗಲೇ ಅವಳು ಅಂಗಿ ಕಸಿದುಕೊಂಡು ತೊಡಿಸಿದಳು. ಕಣ್ಣು ಮಂಜಾಗಿದ್ದರಿಂದ ಮೇಲಿನ ಗುಂಡಿಯನ್ನು ಎರಡನೆಯ ಕಾಜಕ್ಕೆ ಹಾಕಿ, ಹಾಗೇ ಕೆಳಗಿನವರೆಗೂ ತಪ್ಪು ತಪ್ಪಾಗಿ ಹಾಕುತ್ತಾ ಹೋದಳು. ಮೆದಾರ್ ಅದನ್ನು ಕಂಡರೂ ಸರಿಮಾಡಿಕೊಳ್ಳಲಿಲ್ಲ. ಸಂಜೆ ಮೇಷ್ಟ್ರು ನೋಡಲು ಬಂದಾಗಲೂ ಹಾಗೇ ಕೂತಿದ್ದ.